ನೀಲಿ ಬಿಡುವ ಬಟ್ಟೆ

ನಮ್ಮಕ್ಕನ ಬಲಗೈಯ ಎರಡು ಬೆರಳು ನೀಲಿ. ಹೆಬ್ಬೆರಳು, ಅದರ ಪಕ್ಕದ್ದು. ಸೋಪು ಹಾಕಿ, ಕಲ್ಲಿಗೆ ಉಜ್ಜಿ ತೊಳೆದರೂ ಉಗುರಿನ ಸಂದಿಯ ನೀಲಿ ಹೋಗುವುದಿಲ್ಲ. ಭಾನುವಾರ ಒಂದು ದಿನ ಸ್ವಲ್ಪ ತೆಳುವಾಗುತ್ತೆ, ಸೋಮವಾರ ಮತ್ತೆ ಏರುತ್ತೆ. ಬೊಮ್ಮನಹಳ್ಳಿ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅವಳು ಟೈಲರ್. ಜೀನ್ಸ್ ಪ್ಯಾಂಟಿಗೆ ಜೇಬು ಕೂರಿಸುವುದು ಅವಳ ಕೆಲಸ. ದಿನಕ್ಕೆ ಎಷ್ಟು ಜೇಬು ಅಂತ ಕೇಳಿದರೆ, 'ಎಣಿಸಾಕೆ ಸೂಪರ್‌ವೈಸರ್ ಅವ್ನೆ, ನಾನ್ಯಾಕ್ಲಾ ಎಣಿಸ್ಲಿ' ಅಂತಾಳೆ.

ನನ್ನ ಬೆರಳು ಬೆಳ್ಳಗಿವೆ. ನಾನು ಡಿಗ್ರಿ ಓದಿದವನು. ನಮ್ಮ ಮನೆತನದಲ್ಲಿ ಮೊದಲನೆಯವನು. ಜೆ.ಪಿ. ನಗರದ ಒಂದು ಆಫೀಸಿನ ಎರಡನೇ ಮಹಡಿಯಲ್ಲಿ ಕೂತು ಇಂಗ್ಲಿಷಿನ ವರದಿಗಳನ್ನು ತಿದ್ದುತ್ತೇನೆ. ಯಾವ ಸರಕಿಗೆ ಮುಂದಿನ ಐದು ವರ್ಷ ಎಷ್ಟು ಮಾರುಕಟ್ಟೆ, ಯಾವ ದೇಶದಲ್ಲಿ ಎಷ್ಟು ಬೆಳವಣಿಗೆ ಅಂತ ಹೇಳುವ ವರದಿಗಳವು. ಒಂದು ವಾರ ಸಿಮೆಂಟು, ಒಂದು ವಾರ ಕಟ್ಟುಹಲ್ಲು, ಒಂದು ವಾರ ಪಶು ಆಹಾರ. ಪಶು ಆಹಾರ ಅಂದರೆ ಬೂಸಾ. 1973ರಲ್ಲಿ ಆ ಒಂದು ಮಾತನ್ನು ಆಡಿದ್ದಕ್ಕೆ ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು. ಈಗ ಬೂಸಾಕ್ಕೂ ಒಂದು ವರದಿ ಉಂಟು, ಅದನ್ನು ದುಡ್ಡು ಕೊಟ್ಟು ಕೊಳ್ಳುವವರೂ ಉಂಟು.

ಕಳೆದ ವರ್ಷ ನನ್ನ ಮೇಜಿಗೆ ಬಂದದ್ದು ಹತ್ತಿಬಟ್ಟೆಗೆ ಹಾಕುವ ಬಣ್ಣಗಳ ವರದಿ. ಮಾರುಕಟ್ಟೆ ಇಷ್ಟಿದೆ, ವರ್ಷಕ್ಕೆ ಶೇಕಡಾ ಇಷ್ಟರಂತೆ ಬೆಳೆಯುತ್ತದೆ ಅಂತ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ನಾಲ್ಕು ಕಂಪನಿ ನಾಲ್ಕು ಅಂಕಿ ಕೊಡುತ್ತವೆ, ನಾಲ್ಕರಲ್ಲೂ ಗೆರೆ ಮೇಲಕ್ಕೇ ಹೋಗುತ್ತೆ. ಅದನ್ನು ಬರೆಯುವ ರೀತಿ ಬಲ್ಲವನಾದ್ದರಿಂದ ಹೇಳುತ್ತೇನೆ, ಕೆಳಕ್ಕೆ ಹೋಗುವ ಗೆರೆಯನ್ನು ಯಾರೂ ಕೊಳ್ಳುವುದಿಲ್ಲ. 'ಬೆಳವಣಿಗೆಗೆ ಕಾರಣಗಳು' ಅಂತ ಒಂದು ಅಧ್ಯಾಯ. 'ಅಡೆತಡೆಗಳು' ಅಂತ ಇನ್ನೊಂದು. ಅಡೆತಡೆಗಳಲ್ಲಿ ಮೊದಲನೆಯದು ಏನು ಗೊತ್ತಾ? ನೀರು ಕೆಡಿಸಬಾರದು ಅನ್ನುವ ಕಾನೂನು.

ಅವತ್ತು ರಾತ್ರಿ ಹೊಂಗಸಂದ್ರದ ಬಾಡಿಗೆ ಮನೆಯಲ್ಲಿ ಅಕ್ಕನಿಗೆ ಅದನ್ನು ಓದಿ ಹೇಳಿದೆ. ಅವಳು ಮುದ್ದೆ ತಿರುವುತ್ತಿದ್ದಳು.

'ಬಣ್ಣ ಬೆಳಿತದ ಅಂತ ಬರ್ದವ್ರಾ?'

'ಹೂಂ.'

'ಬೆಳಿಲಿ ಬುಡು. ಇಲ್ಲಿ ನೋಡು, ಇಲ್ಲೂ ಬೆಳದದ' ಅಂತ ಕೈ ತೋರಿಸಿದಳು. ಬೆರಳಿನಿಂದ ಮೊಣಕೈವರೆಗೆ ಕೆಂಪು ಗುಳ್ಳೆ. ತುರಿಸಿ ತುರಿಸಿ ಅಲ್ಲಲ್ಲಿ ಹೆಕ್ಕಳೆ ಕಟ್ಟಿತ್ತು.

ಎರಡು ವಾರದಿಂದ ಇತ್ತಂತೆ. ನಾನು ಒಂದೇ ಮನೆಯಲ್ಲಿದ್ದುಕೊಂಡು ನೋಡಿರಲಿಲ್ಲ.

ಅವಳಿಗೆ ಹತ್ತಿದ ನೀಲಿ ಯಾವುದು ಅಂತ ಹುಡುಕಲು ಕೂತೆ. ನನ್ನ ಬಳಿ ವರದಿ ಇತ್ತಲ್ಲ, ಅದರ ಹಿಂದೆ ಇನ್ನೂ ಹತ್ತು ಪುಸ್ತಕ ಇದ್ದವು. ಜೀನ್ಸಿನ ನೀಲಿ ವಿಚಿತ್ರವಾದದ್ದು. ಅದು ನೀರಿನಲ್ಲಿ ಕರಗುವುದಿಲ್ಲ. ಸೋಡಿಯಂ ಹೈಡ್ರೋಸಲ್ಫೈಟ್ ಹಾಕಿ ಅದರ ನೀಲಿಯನ್ನು ಮೊದಲು ಕಳೆಯಬೇಕು. ಆಗ ತೊಟ್ಟಿಯ ನೀರು ಹಳದಿ ಹಸಿರಾಗುತ್ತೆ. ನೂಲನ್ನು ಅದರಲ್ಲಿ ಅದ್ದಿ ಎತ್ತಿದರೆ, ಗಾಳಿ ತಾಗಿದ ಕೂಡಲೇ ನೀಲಿ ಬರುತ್ತೆ. ಹಾಗೆ ಹಲವು ಸಲ ಅದ್ದಿ ಎತ್ತಬೇಕು. ಆದರೂ ಬಣ್ಣ ನೂಲಿನ ಒಳಕ್ಕೆ ಹೋಗುವುದಿಲ್ಲ, ಹೊರಗೆ ಉಂಗುರದ ಹಾಗೆ ಕೂರುತ್ತೆ, ಒಳಗಿನ ಎಳೆ ಬಿಳಿಯಾಗೇ ಉಳಿಯುತ್ತೆ. ಅದಕ್ಕೇ ಜೀನ್ಸು ಉಜ್ಜಿದ ಕಡೆ ಬೆಳ್ಳಗಾಗುವುದು. ಕೊಳ್ಳುವವನಿಗೆ ಅದೇ ಬೇಕು, ಹಳೆಯದರ ಹಾಗೆ ಕಾಣುವ ಹೊಸ ಪ್ಯಾಂಟು. ನಮ್ಮೂರಲ್ಲಿ ಗೌಡರ ಮನೆಯ ಹಳೇ ಬಟ್ಟೆ ಹಾಕಿಕೊಂಡು ಬೆಳೆದವನು ನಾನು. ಮಾಸಿದ್ದಕ್ಕೆ ಹೆಚ್ಚು ಬೆಲೆ ಕೊಡುವ ಜನ ಇದ್ದಾರೆ ಅಂತ ಬೆಂಗಳೂರಿಗೆ ಬಂದ ಮೇಲೆ ತಿಳಿಯಿತು. ಉಜ್ಜಿದರೆ ಬಿಡುವ ಆ ನೀಲಿ ಅಂಗಡಿಗೆ ಹೋಗುವ ಮೊದಲು ಬಿಡುವುದು ಹೊಲಿಯುವವಳ ಬೆರಳಿಗೆ.

ಮಿಕ್ಕ ಹತ್ತಿ ಬಟ್ಟೆಗೆ, ಅಂದರೆ ಟಿ ಶರ್ಟು, ಚೂಡಿದಾರ, ಬೆಡ್‌ಶೀಟುಗಳಿಗೆ ಹೆಚ್ಚಾಗಿ ಹಾಕುವುದು ರಿಯಾಕ್ಟಿವ್ ಬಣ್ಣ. ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಅಂತ ಹೆಸರಿಟ್ಟು ಇದನ್ನು ಮಾರುಕಟ್ಟೆಗೆ ಬಿಟ್ಟಿತು. ಇದು ಹತ್ತಿಯ ಮೈಗೇ ಸೇರಿಬಿಡುತ್ತೆ, ಒಗೆದರೆ ಹೋಗಲ್ಲ. ಒಳ್ಳೆಯದೇ. ಆದರೆ ತೊಟ್ಟಿಗೆ ಹಾಕಿದ್ದೆಲ್ಲ ಬಟ್ಟೆಗೆ ಸೇರುವುದಿಲ್ಲ. ಒಂದು ಪಾಲು, ಎಷ್ಟೋ ಸಲ ನೂರರಲ್ಲಿ ಇಪ್ಪತ್ತು ಮೂವತ್ತು ಪಾಲು, ನೀರಿನ ಜೊತೆಗೇ ಕೂಡಿಕೊಂಡು ಕೆಡುತ್ತದೆ. ಅದನ್ನು ತೊಳೆದು ಚೆಲ್ಲಲೇಬೇಕು. ಬಣ್ಣ ಬಟ್ಟೆ ಕಡೆ ಸರಿಯಲಿ ಅಂತ ಉಪ್ಪು ಹಾಕುತ್ತಾರೆ. ಕಡುಬಣ್ಣವಾದರೆ ಒಂದು ಕೆಜಿ ಬಟ್ಟೆಗೆ ಅರ್ಧ ಕೆಜಿಗೂ ಹೆಚ್ಚು ಉಪ್ಪು. ಹಳೇ ಪದ್ಧತಿಯಲ್ಲಿ ಅದೇ ಒಂದು ಕೆಜಿಗೆ ನೂರು ಲೀಟರ್ ಆಸುಪಾಸು ನೀರು. ಬಟ್ಟೆ ಉಪ್ಪನ್ನು ಉಣ್ಣುವುದಿಲ್ಲ. ಹಾಕಿದ ಉಪ್ಪು ಅಷ್ಟೂ ಹೊರಗೆ ಬರುತ್ತೆ.

ಹೊರಗೆ ಅಂದರೆ ಎಲ್ಲಿಗೆ? ತಿರುಪ್ಪೂರಿನಲ್ಲಿ ನೊಯ್ಯಲ್ ನದಿಗೆ. ರೈತರ ಹೊಲಕ್ಕೆ ನೀರಾಗಲಿ ಅಂತ ಆ ನದಿಗೆ ಒರತ್ತುಪ್ಪಾಳಯಂನಲ್ಲಿ ಅಣೆ ಕಟ್ಟಿದರು. ಅದು ಬಣ್ಣದ ನೀರಿನ ಕೆರೆಯಾಯಿತು. ಬಾವಿ ಉಪ್ಪಾದವು, ತೆಂಗು ಒಣಗಿತು. ರೈತರು ಕೋರ್ಟಿಗೆ ಹೋಗಿ ಹೋಗಿ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಒಂದೇ ಏಟಿಗೆ ಮುಚ್ಚಿಸಿತು. ಅಲ್ಲಿ ದುಡಿಯುತ್ತಿದ್ದವರಿಗೆ ಮರುದಿನ ಏನಾಯಿತು ಅನ್ನೋದು ತೀರ್ಪಿನ ವಿಷಯ ಆಗಿರಲಿಲ್ಲ. ನದಿ ಸಾಯುವಾಗ ನೀರು ಕುಡಿದದ್ದೂ ಬಡವರೇ, ನದಿ ಉಳಿಸುವಾಗ ಕೂಲಿ ಕಳೆದುಕೊಂಡದ್ದೂ ಬಡವರೇ. ತಿರುಪ್ಪೂರನ್ನು ದೂರದೂರು ಅಂತ ತಿಳಿಯಬೇಡಿ. ನಮ್ಮ ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ಹೇಳುತ್ತಾರೆ. ಅದು ಬನಶಂಕರಿಯ ಆಚೆ ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಬೆಂಗಳೂರಿನ ಕಕ್ಕಸು, ಕಾರ್ಖಾನೆ ಎಲ್ಲ ಹೊತ್ತುಕೊಂಡು ಬೈರಮಂಗಲದ ಕೆರೆಗೆ ಬಿದ್ದು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಜಯನಗರದ ನಲ್ಲಿಯ ನೀರು ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅದೂ ಕಾವೇರಿಯೇ. ನಮ್ಮ ಕಡೆಯಿಂದ ತಿಳಿಯಾಗಿ ಬೆಟ್ಟ ಹತ್ತಿ ಬಂದ ನೀರು, ಇಲ್ಲಿ ಮೈಲಿಗೆಯಾಗಿ ಅದೇ ಹೊಳೆಗೆ ಇಳಿಯುತ್ತೆ. ಬೆಂಗಳೂರಿಗೆ ಬಂದ ನಮ್ಮ ಹೆಣ್ಣುಮಕ್ಕಳ ದಾರಿಯೂ ಹೀಗೇ ಅಂತ ಪದ್ಯ ಬರೆಯಲು ಹೊರಟಿದ್ದೆ. ಬರೆಯಲಿಲ್ಲ. ಅಕ್ಕ ಓದಿದರೆ ಬೈತಾಳೆ. ಅವಳು ಮೈಲಿಗೆಯಾದವಳಲ್ಲ.

ಅವಳ ಕಥೆ ಬೇರೆ. 2016ರ ಏಪ್ರಿಲ್ 18, 19ರಂದು ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಅಡ್ಡ ಕೂತ ಸಾವಿರಾರು ಹೆಂಗಸರಲ್ಲಿ ಅವಳೂ ಒಬ್ಬಳು. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ಆಗುವ ತನಕ ಮುಟ್ಟುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ 58ರ ತನಕ ಮಿಷನ್ನು ತುಳಿಯೋರು ಯಾರಿದ್ದಾರೆ? ಕರೆ ಕೊಟ್ಟ ಲೀಡರಿಲ್ಲ, ಬಾವುಟವಿಲ್ಲ, ಕರಪತ್ರವಿಲ್ಲ. ಲಾಠಿ ಬಿತ್ತು, ಅಶ್ರುವಾಯು ಬಿತ್ತು. ಎರಡನೇ ದಿನ ಸಂಜೆಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ನಾನಾಗ ಊರಲ್ಲಿ ಹೈಸ್ಕೂಲಿನಲ್ಲಿದ್ದೆ. ಕ್ರಾಂತಿ ಅನ್ನೋ ಪದ ಎಷ್ಟೋ ಪದ್ಯಗಳಲ್ಲಿ ಬಳಸಿದ್ದೇನೆ. ಅಕ್ಕ ಆ ಪದ ಬಳಸಿದ್ದನ್ನು ಕೇಳಿಲ್ಲ. 'ಬಿಸ್ಲು ಜಾಸ್ತಿ ಇತ್ತು ಕಣ್ಲಾ' ಅಂತ ಅಷ್ಟೇ ಹೇಳಿದಳು. ಆಮೇಲೆ 2020ರ ಏಪ್ರಿಲ್‌ನಿಂದ ಸಿಗಬೇಕಾಗಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಹೈಕೋರ್ಟು ಕೊಡಿ ಅಂತ ಅದೇ ವರ್ಷ ಹೇಳಿದರೂ ರಾಜ್ಯದ ಎಷ್ಟೋ ಕಾರ್ಖಾನೆಗಳು 2022ರ ತನಕ ಬಾಕಿ ಉಳಿಸಿಕೊಂಡವು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಕೂಲಿ. ನಾನು ತಿದ್ದುವ ವರದಿಯ 'ಬೆಳವಣಿಗೆಗೆ ಕಾರಣಗಳು' ಅಧ್ಯಾಯದಲ್ಲಿ ಈ 417 ರೂಪಾಯಿ ಬರುವುದಿಲ್ಲ. ಬರಬೇಕಿತ್ತು.

ವೈದ್ಯರ ಹತ್ತಿರ ಹೋದೆವು. ಯಾವ ಆಸ್ಪತ್ರೆ ಅಂತ ಬೇಡ. ಅವರು ಕೈ ನೋಡಿ 'ಅಲರ್ಜಿ' ಅಂದರು. 'ಏನು ಕೆಲಸ?' ಅಂತ ಕೇಳಲಿಲ್ಲ. ನಾನೇ ಹೇಳಿದೆ. 'ಹಾಗಾದ್ರೆ ಕೆಲ್ಸ ಬಿಡಿ' ಅಂದರು. ಅಕ್ಕ ನಕ್ಕಳು. ಹೊರಗೆ ಬಂದ ಮೇಲೆ, 'ಕೆಲ್ಸ ಬುಡು ಅನ್ನಾಕೆ ಇನ್ನೂರುಪಾಯಾ?' ಅಂದಳು. ಮುಲಾಮು ಹಚ್ಚಿ ಮರುದಿನ ಹೋದಳು.

ಗೆಳೆಯರೇ, ಬಣ್ಣ ಮಾಡುವವರ ಮೈ ಕೆಡುತ್ತೆ ಅನ್ನುವುದು ಹೊಸ ಸುದ್ದಿಯಲ್ಲ. 1895ರಲ್ಲೇ ಫ್ರಾಂಕ್‌ಫರ್ಟಿನ ಸರ್ಜನ್ ಲುಡ್ವಿಗ್ ರೇನ್ ಎಂಬಾತ, ಬಣ್ಣದ ಕಾರ್ಖಾನೆಯ ಕೂಲಿಗಳಿಗೆ ಮೂತ್ರಕೋಶದಲ್ಲಿ ಗೆಡ್ಡೆ ಬರುತ್ತಿದೆ ಅಂತ ಹೇಳಿದ್ದ. ಹೇಳಿ ಸುಮಾರು ನೂರು ವರ್ಷ ಆದ ಮೇಲೆ, 1994ರಲ್ಲಿ ಜರ್ಮನಿ ಕಾನೂನು ತಂದಿತು. ಕ್ಯಾನ್ಸರ್ ತರುವ ಅಮೀನುಗಳನ್ನು ಬಿಡುವ ಅಜೋ ಬಣ್ಣ ಹಾಕಿದ ಬಟ್ಟೆ ತಮ್ಮ ದೇಶಕ್ಕೆ ಬರಬಾರದು ಅಂತ. ಆಮೇಲೆ 1997ರಲ್ಲಿ ನಮ್ಮ ದೇಶವೂ ಎಪ್ಪತ್ತು ಅಜೋ ಬಣ್ಣಗಳನ್ನು ನಿಷೇಧಿಸಿತು. ಒಳ್ಳೆಯ ಕೆಲಸ, ಬೇಡ ಅನ್ನಲ್ಲ. ಆದರೆ ಯಾರ ಚರ್ಮ ನೋಡಿ ಈ ಕಾನೂನು ಬಂತು? ಬಟ್ಟೆ ಉಡುವವರ ಚರ್ಮ. ತೊಟ್ಟಿಯ ಮುಂದೆ ನಿಂತವನ ಮೂತ್ರಕೋಶ ನೂರು ವರ್ಷ ಕಾಯಿತು. ನಮ್ಮ ದೇಶದ ಬಣ್ಣಗಳು ಹೆಚ್ಚಾಗಿ ತಯಾರಾಗುವುದು ಗುಜರಾತಿನಲ್ಲಿ. ಅಹಮದಾಬಾದಿನ ವಟ್ವಾ, ಅಂಕಲೇಶ್ವರ, ವಾಪಿ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಅತಿ ಕೆಟ್ಟ ಕೈಗಾರಿಕಾ ಪ್ರದೇಶಗಳ ಪಟ್ಟಿ ಮಾಡಿದಾಗ ಅಂಕಲೇಶ್ವರ ಮೊದಲನೆಯದು, ವಾಪಿ ಎರಡನೆಯದು. ನಾನು ತಿದ್ದಿದ ವರದಿಯಲ್ಲಿ ಈ ಎರಡೂ ಊರು ಬರುತ್ತವೆ, 'ಮುಖ್ಯ ಉತ್ಪಾದನಾ ಕೇಂದ್ರಗಳು' ಅಂತ. ಬಣ್ಣದ ನೀರು ಸೋಸಿದ ಮೇಲೆ ತಳದಲ್ಲಿ ಕೆಸರು ಉಳಿಯುತ್ತಲ್ಲ, ಆ ತೊಟ್ಟಿಗೆ ಇಳಿಯುವವನು ಯಾವ ಕೇರಿಯವನು ಅಂತ ಕೇಳುವ ಕಾಲಂ ಅದರಲ್ಲಿಲ್ಲ. ಹಾಕೋಣವಾ ಅಂತ ಕೇಳಿದ್ದರೆ ನನ್ನ ಮೇಲಿನವರು ನನ್ನ ಮುಖವನ್ನೇ ನೋಡುತ್ತಿದ್ದರು.

ಈ ಹುಡುಕಾಟದಲ್ಲಿ ನಾನು ಮನುವಿನ ಹತ್ತನೇ ಅಧ್ಯಾಯಕ್ಕೂ ಹೋದೆ. ನಮ್ಮಲ್ಲಿ ಅನೇಕರು ಮನುಸ್ಮೃತಿಯನ್ನು ಓದದೇ ಬೈತಾರೆ ಅಂತ ಕೆಲವು ಮೇಷ್ಟ್ರುಗಳ ಆರೋಪ. ಸರಿ, ಓದಿದೆ. ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು ಅಂತ ವಿಧಿಸಿದ್ದು ಅದೇ ಅಧ್ಯಾಯ. ಹೊಟ್ಟೆಪಾಡಿಗೆ ವ್ಯಾಪಾರಕ್ಕೆ ಇಳಿದ ಬ್ರಾಹ್ಮಣ ಏನೇನು ಮಾರಬಾರದು ಅನ್ನುವ ಪಟ್ಟಿಯೂ ಅಲ್ಲೇ ಇದೆ. ಆ ಪಟ್ಟಿಯಲ್ಲಿ ಬಣ್ಣ ಹಾಕಿದ ಬಟ್ಟೆ ಇದೆ, ಹೆಂಡ ಇದೆ, ಅರಗು ಇದೆ, ನೀಲಿ ಇದೆ. ನೀಲಿ! ಓದಿ ನನಗೆ ನಗು ಬಂತು. ನೀಲಿ ಮುಟ್ಟಬೇಡ ಅಂತ ಅವರಿಗೆ ಹೇಳಿದ. ನಮ್ಮವರು ಅದನ್ನೇ ಬಾವುಟ ಮಾಡಿಕೊಂಡರು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಆ ಪುಸ್ತಕವನ್ನು ಸುಡಿಸಿದರು. ಅದೇ ದಿನಗಳಲ್ಲಿ ಅಲ್ಲಿಗೆ ಬಂದಿದ್ದ ನಮ್ಮ ಹೆಂಗಸರಿಗೆ ಸೀರೆಯ ಬಗ್ಗೆ ಮಾತಾಡಿದರು. ಉಡುವ ರೀತಿಯಿಂದಲೇ ನೀವು ಇಂಥ ಜಾತಿಯವರು ಅಂತ ಗುರುತು ಸಿಗುವ ಹಾಗೆ ಉಡಬೇಡಿ ಅಂತ. ಆ ಮಾತು ಕೇಳಿದವರು ಆಗಲೇ ಉಡುವ ರೀತಿ ಬದಲಿಸಿಕೊಂಡರು. ಬಟ್ಟೆ ಸಣ್ಣ ವಿಷಯ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ನೀಲಿ ಅಂದರೆ ನಮ್ಮ ಮನೆಯಲ್ಲಿ ಇನ್ನೊಂದು ಅರ್ಥವೂ ಇದೆ. ನಮ್ಮ ತಾತ ನೀಲಗಾರ. ಕೊಳ್ಳೇಗಾಲದ ಕಡೆ ನೀಲಗಾರ ಅಂದರೆ ಮಂಟೇಸ್ವಾಮಿಯ ಒಕ್ಕಲು, ತಂಬೂರಿ ಹಿಡಿದು, ಗಗ್ಗರ ಕುಟ್ಟಿ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆಯನ್ನು ರಾತ್ರಿಯಿಡೀ ಹಾಡುವವನು. ಕಾಲೇಜಿನಲ್ಲಿ ನನ್ನ ಜೊತೆ ಓದುತ್ತಿದ್ದ ಧಾರವಾಡದ ಕಡೆಯ ಗೆಳೆಯನಿಗೆ ಇದನ್ನು ಹೇಳಿದಾಗ, 'ನಿಮ್ಮ ಅಜ್ಜಾರು ನೂಲಿಗೆ ನೀಲಿ ಹಾಕ್ತಿದ್ರೇನು?' ಅಂದ. ಅವನ ಕಡೆ ನೀಲಗಾರ ಅಂದರೆ ನೀಲಿಯ ಕಸುಬಿನವರು, ಬೇರೆ ಜಾತಿ, ಬೇರೆ ಬದುಕು. ಹೆಸರು ಮಾತ್ರ ಒಂದೇ. ತಾತನನ್ನು ಕೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಅವನು ತೀರಿಕೊಂಡ. ಅವನ ತಂಬೂರಿ ಮನೆಯಲ್ಲಿದೆ. ನನಗೆ ನುಡಿಸಲು ಬಾರದು.

ಬಣ್ಣಗಳ ಚರಿತ್ರೆಯಲ್ಲಿ ನಮ್ಮ ನಾಡಿನ ಇನ್ನೊಂದು ತುಣುಕನ್ನು ಹೇಳಿ ಮುಂದೆ ಹೋಗುತ್ತೇನೆ. ಖಾಕಿ ಬಣ್ಣ ಹುಟ್ಟಿದ್ದು 1850ರ ಸುಮಾರಿಗೆ ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಎಂಬ ಮಿಶನರಿಯ ಕೈಯಲ್ಲಿ ಅಂತ ಆ ಊರಿನವರು ಹೇಳುತ್ತಾರೆ. ಬೇರೆ ಕಡೆಯವರು ಅದು ನಮ್ಮದು ಅಂತಾರೆ. ಜಗಳ ಅವರಲ್ಲೇ ಇರಲಿ. ಬೊಮ್ಮನಹಳ್ಳಿಯ ರಸ್ತೆಯಲ್ಲಿ ಆ ಬಣ್ಣವನ್ನು ಅಕ್ಕ ಹತ್ತಿರದಿಂದ ನೋಡಿದ್ದಾಳೆ.

ಈಗ ಕೆಲವು ಒಳ್ಳೆಯ ಮನಸ್ಸಿನವರು ಹೇಳುತ್ತಾರೆ, ಗಿಡದ ಬಣ್ಣಕ್ಕೆ ಹಿಂದಿರುಗೋಣ ಅಂತ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ಪ್ರಸನ್ನ ಅವರು ಹಳ್ಳಿಯ ಹೆಣ್ಣುಮಕ್ಕಳನ್ನು ಕೂಡಿಸಿ ಕಟ್ಟಿದ 'ಚರಕ' ಇದೆ. ಅಡಿಕೆ ಬೇಯಿಸಿದ ಚೊಗರು, ದಾಳಿಂಬೆ ಸಿಪ್ಪೆ, ನೀಲಿಗಿಡ ಇವುಗಳಿಂದ ಕೈಮಗ್ಗದ ಹತ್ತಿಗೆ ಬಣ್ಣ ಹಾಕುತ್ತಾರೆ. ಆ ಬಟ್ಟೆ ಇಲ್ಲಿ ಬೆಂಗಳೂರಿನ ದಕ್ಷಿಣ ಭಾಗದ 'ದೇಸಿ' ಅಂಗಡಿಗೂ ಬರುತ್ತೆ. ನಾನು ಹೋಗಿ ಒಂದು ಜುಬ್ಬ ಮುಟ್ಟಿ ನೋಡಿದ್ದೇನೆ. ಚೊಗರಿನ ಕಂದು ಬಣ್ಣ, ಒಣಗಿದ ನಮ್ಮ ಹೊಲದ ಮಣ್ಣಿನ ಹಾಗಿತ್ತು. ಮನಸ್ಸಿಗೆ ಹಿಡಿಸಿತು. ಬೆಲೆ ಅಕ್ಕನ ಎರಡು ದಿನದ ದುಡಿಮೆಗಿಂತ ಹೆಚ್ಚಿತ್ತು. ತಗೊಳ್ಳದೆ ಬಂದೆ. ಅವರನ್ನು ದೂರುವುದಿಲ್ಲ. ಕೈಯಲ್ಲಿ ನೇಯ್ದು, ನೇಯ್ದವಳಿಗೆ ಸರಿಯಾದ ಕೂಲಿ ಕೊಟ್ಟರೆ ಬಟ್ಟೆಗೆ ಅಷ್ಟು ಆಗಲೇಬೇಕು. ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಇನ್ನೂರು ರೂಪಾಯಿಗೆ ಟಿ ಶರ್ಟು ಸಿಕ್ಕುತ್ತೆ ಅಂದರೆ ಮಿಕ್ಕ ದುಡ್ಡನ್ನು ಯಾರೋ ಬೇರೆ ಕಡೆ ತೆತ್ತಿದ್ದಾರೆ ಅಂತಲೇ ಅರ್ಥ. 2020ರಲ್ಲಿ ಚರಕ ಕೂಡ ಇನ್ನು ನಡೆಸಲಾಗದು ಅನ್ನುವಷ್ಟು ಸಂಕಟಕ್ಕೆ ಬಂತು.

ನನ್ನ ತಕರಾರು ಆ ಹೆಣ್ಣುಮಕ್ಕಳ ಮೇಲಲ್ಲ, 'ಹಿಂದಿರುಗೋಣ' ಅನ್ನುವ ಮಾತಿನ ಮೇಲೆ. ನಮಗೆ ಹಿಂದಿರುಗಲು ಏನಿದೆ? ಗಿಡದ ನೀಲಿಯ ಕಾಲದಲ್ಲಿ ಬಂಗಾಳದ ರೈತ ನೀಲಿ ಬೆಳೆಯಲಾರೆ ಅಂತ 1859ರಲ್ಲಿ ದಂಗೆ ಎದ್ದ. ಚಂಪಾರಣದಲ್ಲಿ ಬಿಘಾಕ್ಕೆ ಮೂರು ಕಠ್ಠಾದಂತೆ ನೀಲಿ ಬೆಳೆಯಲೇಬೇಕು ಅನ್ನುವ ಜುಲುಮೆಗೆ 1917ರಲ್ಲಿ ಗಾಂಧಿ ಅಲ್ಲಿಗೆ ಹೋದರು. ಆ ಹೊತ್ತಿಗೆ ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ತಂದು ಇಪ್ಪತ್ತು ವರ್ಷವಾಗಿತ್ತು. ಗಿಡದ ನೀಲಿಗೆ ಬೆಲೆ ಬಿದ್ದು, ಆ ನಷ್ಟವನ್ನು ಪ್ಲಾಂಟರುಗಳು ರೈತನ ತಲೆಗೆ ಕಟ್ಟುತ್ತಿದ್ದರು. ಗಿಡದ್ದಾಗಲಿ, ಕಾರ್ಖಾನೆಯದಾಗಲಿ, ತೊಟ್ಟಿ ಯಾರದು, ತೊಟ್ಟಿಗೆ ಇಳಿಯುವವನು ಯಾರು ಅನ್ನುವ ಪ್ರಶ್ನೆ ಅಲ್ಲೇ ಇದೆ. ಬದನವಾಳುವಿನ ಖಾದಿ ಕೇಂದ್ರಕ್ಕೆ ಗಾಂಧಿ 1927ರಲ್ಲಿ ಬಂದಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಅದೇ ಬದನವಾಳುವಿನಲ್ಲಿ 1993ರ ಮಾರ್ಚ್‌ನಲ್ಲಿ ನಮ್ಮ ಮೂವರನ್ನು ಕೊಂದರು. ನೂಲು ಬಿಳಿಯಾಗಿದ್ದರೂ ಅಷ್ಟೇ.

ಈ ವರ್ಷ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಗೆ ನಮ್ಮ ಬೀದಿಯ ಹುಡುಗರು ಬಾವುಟ ಬೇಕು ಅಂದರು. ಅಂಗಡಿಯ ಪಾಲಿಯೆಸ್ಟರ್ ಬಾವುಟ ಬೇಡ, ಹತ್ತಿ ಬಟ್ಟೆ ತಂದು ಹೊಲಿಯೋಣ ಅಂತ ನಾನೇ ಹೇಳಿದೆ. ಹದಿಮೂರನೇ ತಾರೀಕು ಕೆಲಸ ಮುಗಿಸಿ ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಿ ಆರು ಮೀಟರ್ ನೀಲಿ ತಂದೆ. ಬಿಟಿಎಂ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಯೋಚಿಸುತ್ತಿದ್ದೆ, ಈ ಮೂರಕ್ಷರದ ಹಿಂದೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನುವ ಮೂರು ಹಳ್ಳಿ ಅಡಗಿವೆ. ಮಡಿವಾಳ ಅಂದರೆ ಊರಿನ ಕೊಳೆ ಒಗೆದವರು.

ಮನೆಗೆ ಬಂದಾಗ ಒಂಬತ್ತು ಗಂಟೆ. ಅಕ್ಕ ಬಟ್ಟೆ ಮುಟ್ಟಿ ನೋಡಿ, ಮೂಲೆಯನ್ನು ಒದ್ದೆ ಬೆರಳಲ್ಲಿ ಉಜ್ಜಿದಳು. 'ಬಣ್ಣ ಬುಡ್ತದ. ಮಳೆ ಬಂದ್ರೆ ಬಿಳಿ ಅಕ್ಷರದ ಮ್ಯಾಲೆ ಇಳೀತದ' ಅಂದಳು. ಬಕೆಟ್ಟಿಗೆ ನೀರು ಬಿಟ್ಟು, ಎರಡು ಹಿಡಿ ಕಲ್ಲುಪ್ಪು ಹಾಕಿ ಬಟ್ಟೆ ಮುಳುಗಿಸಿದಳು.

'ಉಪ್ಪು ಹಾಕುದ್ರೆ ನಿಲ್ತದ ಕಣ್ಲಾ.'

ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಕೆಲಸ ಮಾಡುತ್ತೆ, ಹಾಕಿ ಮುಗಿದ ಮೇಲೆ ಮನೆಯ ಬಕೆಟ್ಟಿನಲ್ಲಿ ಹೆಚ್ಚೇನೂ ಮಾಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. 'ಕೈ ಹಾಕ್ಬ್ಯಾಡ, ಗುಳ್ಳೆ ಉರಿತದೆ, ನಾನು ಹಿಂಡ್ತೀನಿ' ಅಂದೆ. ಹಿಂಡಿದೆ. ನೀರು ನೀಲಿಯಾಗಿ ಬಂತು. ಎರಡನೇ ಸಲವೂ ನೀಲಿ. ಮೂರನೇ ಸಲ ಸ್ವಲ್ಪ ಕಮ್ಮಿ. ಚರಂಡಿಗೆ ಸುರಿಯಬೇಕಾದರೆ ಎರಡು ನಿಮಿಷ ಬಕೆಟ್ಟು ಹಿಡಿದು ನಿಂತಿದ್ದೆ. ಬೇರೆ ಎಲ್ಲಿಗೆ ಸುರಿಯೋದು?

ಹನ್ನೊಂದರ ತನಕ ಅವಳು ಫ್ಯಾನಿನ ಕೆಳಗೆ ಅರೆಬರೆ ಒಣಗಿಸಿ, ತನ್ನ ಹಳೇ ತುಳಿಯುವ ಮಿಷನ್ನಿನಲ್ಲಿ ಅಂಚು ಹೊಲಿದಳು. ಜೇಬಿಗೆ ಹಾಕುವ ಹಾಗೆ ಮೂಲೆಗಳಿಗೆ ಎರಡೆರಡು ಸಲ ಹೊಲಿಗೆ ಹಾಕಿದಳು, ಗಾಳಿಗೆ ಕಿತ್ತುಕೊಳ್ಳಬಾರದು ಅಂತ. ಮರುದಿನ ಅವಳಿಗೆ ಕೆಲಸ ಇತ್ತು. ಆರೂವರೆಗೆ ಡಬ್ಬಿ ಕಟ್ಟಿಕೊಂಡು ಹೊರಟವಳು ಬೀದಿಯ ಕೊನೆಯ ಕಂಬದ ಹತ್ತಿರ ನಿಂತು, ನಾನು ಹಗ್ಗ ಕಟ್ಟುವುದನ್ನು ನೋಡಿ, 'ಎಡಗಡೆ ಇಳಿಜಾರಾಗದ, ಬಿಗೀಲಾ' ಅಂತ ಕೂಗಿದಳು. ಬಿಗಿದೆ. ಬಟ್ಟೆ ಇನ್ನೂ ಹಸಿ ಇತ್ತು. ಇಳಿದು ಕೈ ನೋಡಿಕೊಂಡರೆ ನನ್ನ ಬೆರಳೂ ನೀಲಿ.